ಬೇಲಿಗೆ ಬಿಟ್ಟ ನೀರು

ಎಲೆ ಸುಡುವುದಕ್ಕೂ ಒಂದು ಕ್ರಮವಿದೆ. ರೋಗ ಬಂದ ಎಲೆಯಲ್ಲಿ ಕಲೆ ನಡುವೆ ಎಲ್ಲೋ ಏಳುತ್ತದೆ, ಉಂಗುರ ಕಟ್ಟುತ್ತದೆ, ಹರಡುತ್ತದೆ. ಹುಳ ಬಿದ್ದ ಎಲೆ ಮುದುಡುತ್ತದೆ, ಅಂಟಂಟಾಗುತ್ತದೆ, ಅದನ್ನು ಹುಡುಕಿಕೊಂಡು ಇರುವೆಗಳು ಸಾಲು ಹಿಡಿಯುತ್ತವೆ. ನೀರು ಸಾಲದ ಗಿಡ ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಚೇತರಿಸಿಕೊಳ್ಳುತ್ತದೆ. ಆದರೆ ತುದಿಯಿಂದ ಹಿಡಿದು ಅಂಚಿನುದ್ದಕ್ಕೂ, ಯಾರೋ ಉರಿಯುವ ಊದುಬತ್ತಿಯಿಂದ ಗೆರೆ ಎಳೆದ ಹಾಗೆ, ಒಂದೇ ಸಮನೆ ಕಂದು ಬಣ್ಣ ಏರುತ್ತ ಬಂದರೆ, ಅದೂ ಹಳೆಯ ಎಲೆಗಳಲ್ಲಿ ಮೊದಲು ಕಾಣಿಸಿಕೊಂಡರೆ, ಔಷಧಿ ಅಂಗಡಿಗೆ ಓಡಬಾರದು. ಬುಡಕ್ಕೆ ಬೀಳುತ್ತಿರುವ ನೀರು ಎಂಥದ್ದು ಎಂದು ನೋಡಬೇಕು. ಇದನ್ನು ನಾನು ಅಹಮದಾಬಾದಿನಲ್ಲಿ ಹೇಳಿದ್ದೇನೆ, ಸೂರತ್ತಿನಲ್ಲಿ ಹೇಳಿದ್ದೇನೆ, ಇಲ್ಲೇ ವಡೋದರಾದ ಅಲ್ಕಾಪುರಿಯ ಆಫೀಸುಗಳಲ್ಲಿ ಹೇಳಿದ್ದೇನೆ. ಕೇಳಿದವರು ತಲೆದೂಗಿ, ಚಹಾ ಕೊಟ್ಟು, ಹೇಳಿದಂತೆ ಮಾಡಿದ್ದಾರೆ. ಕೇಳದೆ ಹೋದವರು ಒಬ್ಬರೇ. ಅವರ ಜೊತೆ ನಾನು ಸಂಸಾರ ಮಾಡುತ್ತಿದ್ದೇನೆ.

ನಾನು ಧಾರವಾಡದಲ್ಲಿ ಕೃಷಿ ಓದಿ, ಮದುವೆಯಾಗಿ ವಡೋದರಾಕ್ಕೆ ಬಂದವಳು. ನಮ್ಮ ಮನೆಯವರು ಮಕರಪುರದ ಕಾರ್ಖಾನೆಯೊಂದರಲ್ಲಿ ಪಂಪು, ವಾಲ್ವುಗಳ ಇಂಜಿನಿಯರು. ನಾನು ಮೊದಲು ಒಂದು ನರ್ಸರಿಯಲ್ಲಿದ್ದೆ, ಈಗ ಕರೆದವರ ತೋಟ ನೋಡಲು ಹೋಗುತ್ತೇನೆ. ಹೊರಗಿನವರಿಗೆ ನಾನು ‘ಗಿಡದ ಡಾಕ್ಟರ್ ಬೆನ್’, ಗಿಡದ ಡಾಕ್ಟರಕ್ಕ. ನಾಲ್ಕು ಮೆಟ್ಟಿಲು ಹತ್ತಿ ಮನೆಯೊಳಗೆ ಬಂದರೆ ಕುಂಡಕ್ಕೆ ನೀರು ಹಾಕುವವಳು, ಅಷ್ಟೇ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಈ ಸಿಟ್ಟು ಇನ್ನೂ ಹೋಗಿಲ್ಲ, ಹೋಗಲಿ ಎಂಬ ಆಸೆಯೂ ನನಗಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಯ ಕಾಂಪೌಂಡಿನ ಉದ್ದಕ್ಕೂ ಇರುವುದು ವೈಬರ್ನಮ್ ಬೇಲಿ. ದಪ್ಪ, ಹೊಳೆಯುವ ಎಲೆಯ ಪೊದೆ, ತಂಪು ನಾಡಿನದು. ಬಿಲ್ಡರು ಯಾವುದೋ ಪುಸ್ತಕದ ಚಿತ್ರ ನೋಡಿ ಅಹಮದಾಬಾದಿನ ನರ್ಸರಿಯಿಂದ ಲಾರಿಯಲ್ಲಿ ತರಿಸಿ ನೆಡಿಸಿದ್ದ. ಇಲ್ಲಿಯ ಬಿಸಿಲಿಗೆ ಮೆಹಂದಿ ಬೇಲಿಯೇ ಸಾಕಾಗಿತ್ತು, ಆದರೆ ನನ್ನನ್ನು ಕೇಳಿದವರು ಯಾರು? ಹೆಸರು ನಾಲಿಗೆಗೆ ಹೊರಳದ ಕಾರಣ ಜನ ಅದನ್ನು ‘ಫಾರಿನ್ ಮೆಹಂದಿ’ ಎಂದು ಕರೆದರು. ನೆಟ್ಟಾದ ಮೇಲೆ ಗಿಡದ್ದೇನು ತಪ್ಪು? ಮೊದಲ ಬೇಸಿಗೆಗೆ ನಾನೇ ನಿಂತು ಹಸಿರು ಬಲೆ ಕಟ್ಟಿಸಿದೆ, ಬುಡಕ್ಕೆ ಒಣ ಎಲೆ ಹೊದಿಸಿದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಬೇಲಿ ಆಳೆತ್ತರ ಬೆಳೆದು ಟ್ರಾನ್ಸ್‌ಫಾರ್ಮರನ್ನು ಮರೆಮಾಡಿತ್ತು.

ಬೇಲಿಯನ್ನು ನೋಡಿಕೊಳ್ಳುತ್ತಿದ್ದವನು ದಾಹೋದ್ ಕಡೆಯ ಒಬ್ಬ ಮಾಳಿ. ಗಿಡದ ಬಗ್ಗೆ ಅವನಿಗೆ ವಿಶೇಷ ಜ್ಞಾನವೇನೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ, ಅದರಲ್ಲೂ ಕೊನೆಗೆ ಹೇಳಿದವರ ಮಾತು ನಡೆಯುತ್ತಿತ್ತು. ಪಂಪ್‌ಹೌಸಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಹೆಂಡತಿ, ಮಗಳ ಜೊತೆ ಇದ್ದ. ಹೆಂಡತಿ ಮೆಟ್ಟಿಲು ಒರೆಸುತ್ತಿದ್ದಳು. ಮಗಳು ಹತ್ತಿರದ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಹುಡುಗಿ ಹತ್ತನೆಯದನ್ನು ಇಲ್ಲೇ ಮುಗಿಸಬೇಕು, ಅಲ್ಲಿಯತನಕ ಈ ಕೋಣೆ ಬಿಡಬಾರದು ಎಂಬುದೊಂದೇ ಆ ತಾಯಿಯ ಹಟ. ಬಾಗಿಲ ಪಕ್ಕ ನಾಲ್ಕು ಬದನೆ, ಒಂದು ಮೆಣಸಿನ ಗಿಡ ಹಚ್ಚಿಕೊಂಡಿದ್ದಳು. ಪಾತ್ರೆ ತೊಳೆದ ನೀರನ್ನು ಅವಕ್ಕೆ ಚೆಲ್ಲುತ್ತಿದ್ದಳು. ಆ ಬದನೆ ಗಿಡಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇನ್ನು ನೀರಿನ ಕಥೆ. ನಮ್ಮ ಬೋರಿನ ನೀರು ಎಷ್ಟು ಗಡಸೆಂದರೆ ಗೀಸರಿನೊಳಗೆ ಸುಣ್ಣದ ಗೋಡೆ ಕಟ್ಟುತ್ತದೆ, ತಲೆಗೂದಲು ನಾರಾಗುತ್ತದೆ. ಅದಕ್ಕೆಂದು ಸೊಸೈಟಿಯವರು ನೀರನ್ನು ಮೆದುಗೊಳಿಸುವ ಯಂತ್ರ ಹಾಕಿಸಿದರು. ಯಂತ್ರದ ಹೊಟ್ಟೆಯಲ್ಲಿ ಸಣ್ಣ ಕಾಳುಗಳಿರುತ್ತವೆ. ಅವು ನೀರಿನ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾಳುಗಳಿಗೆ ಸಾಕಾಯಿತು ಎಂದಾಗ ಅವನ್ನು ಉಪ್ಪು ನೀರಿನಿಂದ ತೊಳೆಯಬೇಕು. ಹಾಗೆ ತೊಳೆದ ಕೊಳೆನೀರು ಚರಂಡಿಗೆ ಹೋಗುತ್ತಿತ್ತು. ಉಪ್ಪು ಚೀಲಗಟ್ಟಲೆ ಬರುತ್ತಿತ್ತು, ಪಂಪ್‌ಹೌಸಿನ ಮೂಲೆಯಲ್ಲಿ ಪೇರಿಸುತ್ತಿದ್ದರು.

ಚರಂಡಿಗೆ ಹೋಗುವ ನೀರು ಕಂಡರೆ ನಮ್ಮ ಮನೆಯವರಿಗೆ ಎದೆ ಚುರುಕ್ ಎನ್ನುತ್ತದೆ. ಅವರು ಸೊಸೈಟಿಯ ಸೆಕ್ರೆಟರಿ ಬೇರೆ. ಊಟದ ಮೇಜಿನ ಮೇಲೆ ಹಾಳೆ ಹರಡಿ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ರಜೆಯ ದಿನಗಳನ್ನೆಲ್ಲ ಕಳೆದು ಒಂದು ನಕ್ಷೆ ಮಾಡಿದರು. ತೊಳೆದ ನೀರು ಒಂದು ಟಾಕಿಗೆ, ಟಾಕಿಯಿಂದ ನೀಲಿ ಪೈಪಿನಲ್ಲಿ ನೇರ ಬೇಲಿಗೆ. ಹನಿಯೂ ಹಾಳಾಗುವುದಿಲ್ಲ. ನಾನು ಅಂದೇ ಕೇಳಿದ್ದೆ.

“ಆ ನೀರಾಗ ಉಪ್ಪ ಇರ್ತೈತಲ್ರೀ?”

“ತೊಳದ ನೀರ ಅದು. ಎಷ್ಟ ಉಪ್ಪ ಇದ್ದೀತು? ಗಿಡಾ ಕುಡೀತಾವ, ನೀ ಕುಡ್ಯಾಕಿ ಅಲ್ಲಲ್ಲ.”

ಅಷ್ಟಕ್ಕೇ ಮಾತು ಮುಗಿಸಿದರು. ದೀಪಾವಳಿ ಮುಗಿಯುತ್ತಲೇ ತೆಂಗಿನಕಾಯಿ ಒಡೆದು ವಾಲ್ವು ತಿರುಗಿಸಿದ್ದಾಯಿತು. ಸೊಸೈಟಿಯ ಅಧ್ಯಕ್ಷರು ಬಟ್ಟೆ ವ್ಯಾಪಾರಿ, ತಮ್ಮ ಅಂಗಡಿಯದೇ ಶಾಲು ತಂದು ನಮ್ಮ ಮನೆಯವರಿಗೆ ಹೊದಿಸಿದರು. ಅಹಮದಾಬಾದಿನಲ್ಲಿ ಓದುತ್ತಿರುವ ಮಗಳಿಗೆ ಫೋಟೋ ಹೋಯಿತು. ಅವಳ ಕನ್ನಡ ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಗುಜರಾತಿಯಲ್ಲಿ ಅಪ್ಪನನ್ನು ಹೊಗಳಿ, ಅಮ್ಮ ಮಾತ್ರ ಯಾಕೆ ಮುಖ ಊದಿಸಿಕೊಂಡು ನಿಂತಿದ್ದಾಳೆ ಎಂದು ಹಿಂದಿಯಲ್ಲಿ ಕೇಳಿದಳು. ಫೋಟೋದಲ್ಲಿ ನನ್ನ ಮುಖ ಇರುವುದೇ ಹಾಗೆ ಎಂದೆ.

ಚಳಿಗಾಲದಲ್ಲಿ ಏನೂ ಕಾಣಿಸಲಿಲ್ಲ. ಉಪ್ಪು ಹಾಗೆಯೇ, ಅವಸರ ಮಾಡುವುದಿಲ್ಲ. ಹೋಳಿಯ ಹೊತ್ತಿಗೆ ಹಳೆಯ ಎಲೆಗಳ ತುದಿ ಕಂದಿತು. ಬಿಸಿಲೇರಿದ ಹಾಗೆ ಆ ಕಂದು ಅಂಚಿನುದ್ದಕ್ಕೂ ಇಳಿಯಿತು. ವೈಶಾಖದಲ್ಲಿ ಬೇಲಿ ದೂರದಿಂದ ನೋಡಿದರೆ ಬೆಂಕಿ ತಾಗಿದ ಹಾಗೆ ಕಾಣುತ್ತಿತ್ತು. ಆಗ ಶುರುವಾಯಿತು ನೋಡಿ, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ವೈದ್ಯರ ಜಾತ್ರೆ. ಒಬ್ಬರು ಬೇವಿನೆಣ್ಣೆ ಎಂದರು. ಒಬ್ಬರು ಹುಳಿ ಮಜ್ಜಿಗೆ ಎಂದರು. ಮೊದಲ ಮಹಡಿಯ ಅಜ್ಜಿ ಕಣ್ಣು ಬಿದ್ದಿದೆ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಅದರಿಂದ ಕೊನೆಯ ಪಕ್ಷ ಹಾನಿ ಆಗಲಿಲ್ಲ. ಅಧ್ಯಕ್ಷರು ಸಂಬಂಧಿಕರ ಅಂಗಡಿಯಿಂದ ಹೆಸರಿಲ್ಲದ ಬಾಟಲಿಯೊಂದನ್ನು ತರಿಸಿ ಮಾಳಿಯ ಕೈಗೆ ಕೊಟ್ಟರು. ಅವನು ಉರಿಬಿಸಿಲಿನ ಮಧ್ಯಾಹ್ನ, ಹೇಳಿದ ಹೊತ್ತಿಗೆ ಸರಿಯಾಗಿ, ಸಿಂಪಡಿಸಿದ. ಚಿಗುರೂ ಸುಟ್ಟುಹೋಯಿತು.

ಆಮೇಲೆ ಎಲ್ಲರೂ ಒಂದು ತೀರ್ಮಾನಕ್ಕೆ ಬಂದರು: ನೀರು ಸಾಲುತ್ತಿಲ್ಲ. ಮಾಳಿ ಮೈಗಳ್ಳ. ಬೈಗುಳ ತಿಂದ ಮಾಳಿ ಅಂದಿನಿಂದ ನೀಲಿ ಪೈಪನ್ನು ಬೆಳಿಗ್ಗೆಯೂ ಬಿಟ್ಟ, ಸಂಜೆಯೂ ಬಿಟ್ಟ. ಒಂದು ಹೊತ್ತಿನ ವಿಷ ಎರಡು ಹೊತ್ತಾಯಿತು. ಅವನು ಎಷ್ಟು ಪ್ರಾಮಾಣಿಕವಾಗಿ ದುಡಿದನೋ ಬೇಲಿ ಅಷ್ಟು ಬೇಗ ಸಾಯತೊಡಗಿತು. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಒಂದು ಬೆಳಿಗ್ಗೆ ನಾನು ಕುರ್ಪಿ ಹಿಡಿದು ಬೇಲಿಯ ಬುಡದಲ್ಲಿ ಕೂತೆ. ಕಾರಣ ಗೊತ್ತು ಎಂದು ನೋಡದೆ ಹೇಳುವುದು ನನ್ನ ಕಸುಬಲ್ಲ. ಎಲೆಗಳ ಹಿಂಭಾಗ ತಿರುವಿ ನೋಡಿದೆ. ಬಿಳಿ ನೊಣವಿಲ್ಲ, ಜೇಡರ ನುಸಿಯ ಬಲೆಯಿಲ್ಲ. ಕಾಂಡಕ್ಕೆ ಉಗುರು ಹಾಕಿ ಕೆರೆದೆ. ಕಾಂಡಕ್ಕೆ ಅಂಟಿ ರಸ ಹೀರುವ ಶಲ್ಕ ಕೀಟ ಇದ್ದರೆ ಸಣ್ಣ ಕಜ್ಜಿಯ ಹಾಗೆ ಕಿತ್ತು ಬರುತ್ತದೆ, ಬರಲಿಲ್ಲ. ಅಹಮದಾಬಾದಿನ ಒಂದು ಬಂಗಲೆಯಲ್ಲಿ ಇದೇ ವೈಬರ್ನಮ್ ಎಲೆಗಳ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಕೂತಿತ್ತು. ಮನೆಯೊಡತಿ ಎಲೆಗಳನ್ನು ಒಂದೊಂದಾಗಿ ಸಾಬೂನಿನಿಂದ ಒರೆಸಿ ಒರೆಸಿ ಸೋತಿದ್ದಳು. ಕಪ್ಪು ಬರೀ ಬೂಷ್ಟು, ಮೇಲಿನ ಕೊಂಬೆಯ ಶಲ್ಕ ಕೀಟ ಸುರಿಸುವ ಸಿಹಿ ಅಂಟಿನ ಮೇಲೆ ಬೆಳೆಯುವಂಥದ್ದು. ಕೀಟ ತೊಲಗಿದರೆ ಅದೂ ತೊಲಗುತ್ತದೆ. ಇಲ್ಲಿ ಅದೂ ಇರಲಿಲ್ಲ. ಅಲ್ಕಾಪುರಿಯ ಆಫೀಸೊಂದರಲ್ಲಿ ಕುಂಡದ ಗಿಡಗಳು ಎ.ಸಿ.ಯ ಬಿಸಿಗಾಳಿಗೆ ಒಂದು ಮಗ್ಗುಲು ಮಾತ್ರ ಒಣಗಿದ್ದವು. ಇಲ್ಲಿ ನಾಲ್ಕೂ ಮಗ್ಗುಲು ಸುಟ್ಟಿತ್ತು. ಬೇರು ತೋಡಿ ಮೂಸಿದೆ. ಕೊಳೆತ ಬೇರು ಕಪ್ಪಗಾಗಿ ನಾರುತ್ತದೆ, ಎಳೆದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ. ಈ ಬೇರು ಕಂದಿತ್ತು, ಕೊಳೆತಿರಲಿಲ್ಲ.

ಉಳಿದದ್ದು ಮಣ್ಣು. ಮೇಲ್ಮೈಯಲ್ಲಿ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಇಲ್ಲಿಯದು ನಮ್ಮ ಧಾರವಾಡದ್ದೇ ಜಾತಿಯ ಎರೆಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಡಬೇಕು. ಅದು ಬಾಯಿ ಮುಚ್ಚಿಕೊಂಡು ಸಿಮೆಂಟಿನಂತೆ ಕೂತಿತ್ತು, ಮೇಲೆ ನಿಂತ ನೀರು ಇಳಿಯುತ್ತಲೇ ಇರಲಿಲ್ಲ. ಒಂದು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿದೆ. ವಾಕಿಂಗ್ ಹೊರಟಿದ್ದ ಇಬ್ಬರು ನಿಂತು ನೋಡಿ ನಕ್ಕರು. ನಗಲಿ. ಅದು ಸವಳು. ನಮ್ಮ ಕಡೆ ಕಾಲುವೆ ನೀರು ನಿಂತು ನಿಂತು ಹಾಳಾದ ಹೊಲಗಳಲ್ಲಿ ಇದೇ ರುಚಿ ಇರುತ್ತದೆ. ತಲೆಯೆತ್ತಿ ನೋಡಿದರೆ ಎದುರಿಗೇ ಮಾಳಿಯ ಹೆಂಡತಿಯ ಬದನೆ. ಅದೇ ಮಣ್ಣು, ಅದೇ ಬಿಸಿಲು. ಗಿಡ ತುಂಬ ನೇರಳೆ ಕಾಯಿ.

ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ನಮ್ಮ ಮನೆಯವರು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು. ನೀಲಿ ಪೈಪಿನ ಹೆಸರು ಬಂದ ಕೂಡಲೇ ಅವರ ಕಿವಿ ಮುಚ್ಚಿತು.

“ಗೇಟಿನ ಬಾಜೂಕ ಬೋಗನ್‌ವಿಲ್ಲಾ ಐತಲ್ಲ, ಅದೂ ಅದ ನೀರ ಕುಡೀತೈತಿ. ಮೈ ತುಂಬ ಹೂವ ಬಿಟ್ಟೈತಿ. ಅದಕ್ಕ್ಯಾಕ ಏನೂ ಆಗಿಲ್ಲ?”

“ಒಂಟೆ ಮುಳ್ಳ ತಿಂತೈತಿ ಅಂತ ಆಕಳಾ ಮುಂದನೂ ಮುಳ್ಳ ಒಗೀತೀರೇನ್ರೀ?”

ಕೆಲವು ಗಿಡ ಉಪ್ಪನ್ನು ತಾಳುತ್ತವೆ, ವೈಬರ್ನಮ್ ತಾಳುವುದಿಲ್ಲ, ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ ಎಂದು ಬಿಡಿಸಿ ಹೇಳಿದೆ. ಪೈಪು ಮುಚ್ಚಿಸಿ, ಜಿಪ್ಸಂ ಹಾಕಿ, ಸಿಹಿನೀರು ಬಿಟ್ಟು ಉಪ್ಪನ್ನು ಕೆಳಗಿಳಿಸಿದರೆ ಬೇಲಿ ಬದುಕುತ್ತದೆ, ಪಾಪದ ಮಾಳಿಯ ಮೇಲಿನ ಅಪವಾದವೂ ಹೋಗುತ್ತದೆ ಎಂದೆ. ಅವರು ಕೈ ತೊಳೆದುಕೊಂಡು ಬಂದು, ಕಮಿಟಿಯ ಮುಂದೆ ಇದನ್ನು ಎತ್ತಬೇಡ ಎಂದಷ್ಟೇ ಹೇಳಿದರು. ಆ ಕ್ಷಣ ನನಗೆ ಅರ್ಥವಾಯಿತು. ಅವರಿಗೆ ತಿಳಿಯದೆ ಇರಲಿಲ್ಲ. ಜೀವಮಾನವೆಲ್ಲ ಪಂಪು, ವಾಲ್ವಿನ ನಡುವೆ ಕಳೆದ ಮನುಷ್ಯನಿಗೆ ನೀರಿನಲ್ಲಿ ಕರಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದಿಲ್ಲವೇ? ಹೊದ್ದ ಶಾಲು ಬಿಚ್ಚಲು ಮನಸ್ಸಿರಲಿಲ್ಲ, ಅಷ್ಟೇ.

ಮರುದಿನ ನಾನು ಸೂರತ್ತಿಗೆ ಹೋಗಬೇಕಿತ್ತು. ಅಲ್ಲಿ ಸಮುದ್ರದ ನೀರು ಒಳನುಗ್ಗುವ ಖಾಡಿಯ ದಡದ ಒಂದು ಸೊಸೈಟಿಯಲ್ಲಿ ಟ್ಯಾಂಕರಿನ ಸವಳು ನೀರು ಹಾಕಿ ಹಾಕಿ ಬೇಲಿ ಒಣಗುತ್ತಿತ್ತು. ಅಂಚು ಸುಟ್ಟ ಎಲೆಯೊಂದನ್ನು ಕೈಯಲ್ಲಿ ಹಿಡಿದು ನಾನು ಎರಡು ಮಾತು ಹೇಳಿದ್ದಷ್ಟೇ, ಅಲ್ಲಿಯ ಯಜಮಾನರು ಸಂಜೆಯೊಳಗೆ ಟ್ಯಾಂಕರು ಬದಲಿಸಲು ಫೋನು ಮಾಡಿದರು. ನನಗೆ ಸಂತೋಷವಾಗುವ ಬದಲು ಹೊಟ್ಟೆ ಉರಿಯಿತು. ಮುಖ ಪರಿಚಯವೂ ಇಲ್ಲದವರು ನಂಬಿದರು. ನನ್ನ ಕೈಯ ರೊಟ್ಟಿ ತಿನ್ನುವವರು ನಂಬಲಿಲ್ಲ.

ವಾಪಸು ಬರುವ ರೈಲಿನಲ್ಲಿ ಸೊಸೈಟಿಯ ಗುಂಪಿಗೆ ಒಂದು ಸೂಚನೆ ಬಂತು. ಬೇಲಿಗೆ ನೀರುಣಿಸುವಲ್ಲಿ ತೋರಿದ ನಿರ್ಲಕ್ಷ್ಯಕ್ಕಾಗಿ ಮಾಳಿಯನ್ನು ತಿಂಗಳ ಕೊನೆಗೆ ಬಿಡಿಸಲಾಗುವುದು, ತೋಟದ ಕೆಲಸವನ್ನು ಗುತ್ತಿಗೆಗೆ ಕೊಡಲಾಗುವುದು, ಪಂಪ್‌ಹೌಸಿನ ಪಕ್ಕದ ಕೋಣೆಯನ್ನು ತೆರವು ಮಾಡಿಸಲಾಗುವುದು. ಕೆಳಗೆ ಸೆಕ್ರೆಟರಿಯ ಹೆಸರು. ನಮ್ಮ ಮನೆಯವರದು. ನಾನು ಊರಲ್ಲಿ ಇಲ್ಲದ ಹೊತ್ತು ನೋಡಿ ಸಭೆ ಮುಗಿಸಿದ್ದರು. ಎದುರು ಸೀಟಿನ ಹೆಂಗಸು ತಿನ್ನಲು ಗರಿಗರಿ ಖಾಖರಾ ಮುಂದೆ ಹಿಡಿದಳು. ನನ್ನ ಮುಖ ನೋಡಿ ತಾನೇ ಕೈ ಹಿಂದಕ್ಕೆ ತೆಗೆದುಕೊಂಡಳು.

ಗೇಟಿನಲ್ಲೇ ಮಾಳಿಯ ಹೆಂಡತಿ ಕಾದು ನಿಂತಿದ್ದಳು. ಅತ್ತು ಕರೆಯಲಿಲ್ಲ. ದಿನಕ್ಕೆ ಎರಡು ಹೊತ್ತು ಅವನು ನೀರು ಬಿಟ್ಟಿದ್ದನ್ನು ನೀವೇ ಕಂಡಿದ್ದೀರಿ, ಆ ಮಾತನ್ನು ನೀವು ಹೇಳಿದರೆ ಸಾಕು ಎಂದಳು. ಹುಡುಗಿಗೆ ಹತ್ತನೆಯ ತರಗತಿ ಶುರುವಾಗುವುದಿತ್ತು. ಆ ಹೆಂಗಸಿಗೆ ನಾನು ಏನು ಹೇಳಲಿ? ನಿನ್ನ ಗಂಡ ಹೆಚ್ಚು ನೀರು ಬಿಟ್ಟಿದ್ದರಿಂದಲೇ ಬೇಲಿ ಸುಟ್ಟಿದ್ದು, ಬಿಡಿಸಿದವರು ನನ್ನ ಗಂಡ, ಪೈಪು ಹಾಕಿಸಿದವರೂ ಅವರೇ ಎನ್ನಲೇ? ಎಲ್ಲವನ್ನೂ ಹಾಗೆಯೇ ಹೇಳಿದೆ. ಅವಳು ನೀಲಿ ಪೈಪನ್ನೊಮ್ಮೆ ನೋಡಿ, ಕೋಣೆಯ ಕಡೆ ನಡೆದಳು.

ಭಾನುವಾರ ಪಾರ್ಕಿಂಗಿನಲ್ಲಿ ಎಲ್ಲರ ಸಭೆ ಇತ್ತು. ನಮ್ಮ ಮನೆಯವರ ಹತ್ತಿರ ನೀರಿನಲ್ಲಿ ಕರಗಿದ ಲವಣ ಅಳೆಯುವ ಪೆನ್ನಿನಂಥದೊಂದು ಮೀಟರು ಇದೆ. ದಿನಾ ಬೆಳಿಗ್ಗೆ ದೇವರಿಗೆ ಕೈ ಮುಗಿಯುವ ಮೊದಲು ಕುಡಿಯುವ ನೀರಿಗೆ ಅದನ್ನು ಅದ್ದಿ ನೋಡುತ್ತಾರೆ. ಅಂಥ ಮನುಷ್ಯ ಒಂದು ದಿನವಾದರೂ ಅದನ್ನು ನೀಲಿ ಪೈಪಿನ ಬಾಯಿಗೆ ಹಿಡಿದಿರಲಿಲ್ಲ. ನಾನು ಹಿಡಿದೆ. ಅಂಕಿ ಏರಿ ಏರಿ, ಕೊನೆಗೆ ತನ್ನ ಅಳತೆ ಮೀರಿದ ಗುರುತು ತೋರಿಸಿ ನಿಂತುಬಿಟ್ಟಿತು. ಮನೆಯ ಸ್ಟೀಲ್ ಲೋಟವೊಂದಕ್ಕೆ ಆ ನೀರನ್ನೇ ತುಂಬಿಕೊಂಡು ಸಭೆಗೆ ಹೋದೆ.

ಹೊಸ ಗುತ್ತಿಗೆದಾರನ ಬಗ್ಗೆ ನಮ್ಮ ಮನೆಯವರು ವಿವರಿಸುತ್ತಿದ್ದರು. ಮಾಳಿ ದೂರ ಕಂಬದ ಬಳಿ ನಿಂತಿದ್ದ. ನಾನು ನೇರ ಮೇಜಿನ ಹತ್ತಿರ ಹೋಗಿ ಲೋಟವನ್ನು ಅವರ ಮುಂದೆ ಇಟ್ಟೆ. ಆ ಸಭೆಯಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಅದಕ್ಕೇ ಕನ್ನಡದಲ್ಲೇ ಕೇಳಿದೆ.

“ಇದು ನಿಮ್ಮ ಪೈಪಿನ ನೀರ. ಇದರ ಸುದ್ದಿ ನೀವ ಹೇಳ್ತೀರೋ, ನಾ ಹೇಳ್ಲೋ?”

ಅವರಿಗೆ ನಾನು ಕೊಟ್ಟ ಕೊನೆಯ ಅವಕಾಶ ಅದು. ಇಂಥ ಮಾತು ನಾಲ್ಕು ಜನರ ಮುಂದೆ ಗಂಡನಿಗೆ ಹೇಳಬಾರದೆಂದು ನನ್ನ ತವರಿನವರೂ ಹೇಳುತ್ತಾರೆ, ಅತ್ತೆಯ ಮನೆಯವರೂ ಹೇಳುತ್ತಾರೆ. ನನಗೆ ಆಗ ಯಾರ ಮಾತೂ ನೆನಪಿಗೆ ಬರಲಿಲ್ಲ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು, ಮುಂದಿನ ವಿಷಯ ಎಂದು ಗುಜರಾತಿಯಲ್ಲಿ ಹೇಳಿ ಹಾಳೆ ತಿರುವಿದರು.

“ಹಂಗಾರ ಒಂದ ಗುಟುಕ ಕುಡೀರಿ. ಗಿಡಾ ಕುಡೀತಾವ ಅಂದಿದ್ರಲ್ಲ.”

ಅವರು ಕುಡಿಯಲಿಲ್ಲ. ಏನಾಗುತ್ತಿದೆ ಎಂದು ತಿಳಿಯದೆ ಅಧ್ಯಕ್ಷರು ಲೋಟಕ್ಕೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, ಮುಖ ಕಿವುಚಿ, ಕರವಸ್ತ್ರ ತೆಗೆದರು. ಖಾರೂ ಛೆ, ಉಪ್ಪುಪ್ಪು ಎಂದರು. ಆಮೇಲೆ ನಾನು ಗುಜರಾತಿಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದೆ. ಎಲೆ ತೋರಿಸಿದೆ, ಬಿಳಿ ಪೊರೆ ಕಟ್ಟಿದ ಮಣ್ಣಿನ ಹೆಂಟೆ ತೋರಿಸಿದೆ, ಮೀಟರು ತೋರಿಸಿದೆ, ಕೊನೆಗೆ ಕೈ ಮಾಡಿ ಬದನೆ ಗಿಡಗಳನ್ನು ತೋರಿಸಿದೆ. ಮಾಳಿ ಯಾವ ತಪ್ಪೂ ಮಾಡಿಲ್ಲ, ನೀವು ಕೊಟ್ಟ ನೀರನ್ನು ನೀವು ಹೇಳಿದಷ್ಟು ಹೊತ್ತು ಹಾಕಿದ್ದಾನೆ ಎಂದೆ. ಆ ನೀರನ್ನು ಅಂದೇ ಚರಂಡಿಗೆ ತಿರುಗಿಸುವುದೆಂದು ತೀರ್ಮಾನವಾಯಿತು. ನಾನು ಗೆದ್ದೆ ಎಂದುಕೊಂಡೆ. ಎಂಥ ದಡ್ಡಿ ನಾನು.

ಮಾಳಿಯ ವಿಷಯ ಏನಾಯಿತು ಎಂದು ಕೇಳಿದಾಗ ಅಧ್ಯಕ್ಷರು ಮುಗುಳ್ನಕ್ಕರು. ಅದು ಬೇರೆ ವಿಷಯ ಬೆನ್, ಎಂದರು. ಗುತ್ತಿಗೆದಾರನಿಗೆ ಮಾತು ಕೊಟ್ಟಾಗಿದೆ. ಸೂಚನೆ ಗುಂಪಿಗೆ ಹೋಗಿದೆ. ಒಮ್ಮೆ ಕಳಿಸಿದ್ದನ್ನು ವಾಪಸು ತೆಗೆದುಕೊಂಡರೆ ನಾಳೆ ಕಮಿಟಿಯ ಮಾತಿಗೆ ಬೆಲೆ ಇರುತ್ತದೆಯೇ? ಪೈಪನ್ನು ವಾಪಸು ತೆಗೆದುಕೊಳ್ಳಬಹುದಾದರೆ ಮನುಷ್ಯನನ್ನು ಯಾಕಾಗದು ಎಂದು ನಾನು ಕೂಗಿಯೇ ಕೇಳಿದೆ. ಜನ ಕುರ್ಚಿ ಮಡಚತೊಡಗಿದರು. ಸೂಚನೆಗೆ ಸಹಿ ಹಾಕಿದವರು ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ತಮ್ಮ ಫೋನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

ತಿಂಗಳ ಕೊನೆಗೆ ಅವರು ಹೊರಟರು. ಸೂರತ್ತಿನಲ್ಲಿ ಮಾಳಿಯ ಭಾವಮೈದುನ ಕಟ್ಟಡದ ಕೆಲಸದಲ್ಲಿದ್ದ, ಅಲ್ಲಿಗೆ. ಶಾಲೆಯದನ್ನು ಅಲ್ಲಿ ಹೋಗಿ ನೋಡಬೇಕು ಎಂದಳು ಹೆಂಡತಿ. ಹೋಗುವ ಬೆಳಿಗ್ಗೆ ಬದನೆಕಾಯಿಗಳನ್ನೆಲ್ಲ ಕಿತ್ತು ಸೆರಗಿನಲ್ಲಿ ತಂದು ನನ್ನ ಅಡುಗೆಕಟ್ಟೆಯ ಮೇಲೆ ಸುರಿದಳು. ಎಣ್ಣೆಗಾಯಿ ಮಾಡಿದೆ. ನಮ್ಮ ಮನೆಯವರು ಚಪ್ಪರಿಸಿಕೊಂಡು ಉಂಡರು, ಕಾಯಿ ಎಲ್ಲಿಯದು ಎಂದು ಕೇಳಲಿಲ್ಲ.

ಬೇಲಿಯನ್ನು ಬದುಕಿಸಿದೆ. ಅದರ ಮೇಲೆ ನನಗೆ ಸಿಟ್ಟಿರಲಿಲ್ಲ. ಗಟ್ಟಿಯಾದ ಮಣ್ಣನ್ನು ಬೇರಿಗೆ ತಾಗದಂತೆ ಕೆದಕಿ ಜಿಪ್ಸಂ ಬೆರೆಸಿದೆ. ಎರೆಮಣ್ಣು ಹಿಡಿದುಕೊಂಡ ಉಪ್ಪನ್ನು ಅದು ಬಿಡಿಸುತ್ತದೆ. ಬಿಡಿಸಿದ್ದನ್ನು ಕೆಳಗೆ ತೊಳೆದು ಕಳಿಸಲು ಸಿಹಿನೀರು ಬೇಕು. ಮೇ ತಿಂಗಳಿನಲ್ಲಿ ಸಿಹಿನೀರು ಎಲ್ಲಿ? ಪಾರ್ಕಿಂಗಿನಲ್ಲಿತ್ತು. ಪ್ರತಿ ಮನೆಯ ಎ.ಸಿ.ಯಿಂದ ತೊಟ್ಟಿಕ್ಕುವ ನೀರು, ಉಪ್ಪಿನ ಸೋಂಕಿಲ್ಲದ ನೀರು, ದಿನವಿಡೀ ಕಾರುಗಳ ಮೇಲೆ, ನೆಲದ ಮೇಲೆ ಬಿದ್ದು ಹಾಳಾಗುತ್ತಿತ್ತು. ಹನಿಯೂ ಹಾಳಾಗಬಾರದು ಎಂದು ನಕ್ಷೆ ಬರೆದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮನೆಮನೆಯ ಕೊಳವೆಯ ಕೆಳಗೆ ಬಕೆಟ್ ಇಟ್ಟು, ಹೊತ್ತು ತಂದು ಬುಡಕ್ಕೆ ಹಾಕಿದೆ. ಸುಟ್ಟ ಎಲೆಗಳನ್ನು ಕೀಳಲಿಲ್ಲ, ಅವು ಒಳಗಿನ ಕಾಂಡಕ್ಕೆ ನೆರಳು ಕೊಡುತ್ತವೆ. ಗೊಬ್ಬರವನ್ನೂ ಹಾಕಲಿಲ್ಲ, ಸುಟ್ಟ ಬೇರಿಗೆ ಗೊಬ್ಬರವೂ ಇನ್ನೊಂದು ಉಪ್ಪೇ. ಗುತ್ತಿಗೆದಾರನ ಜನ ವಾರಕ್ಕೊಮ್ಮೆ ಹಸಿರು ಟೀಶರ್ಟು ತೊಟ್ಟು ಬಂದು, ಏನೋ ಒಂದು ಪಿಚಕಾರಿ ಹೊಡೆದು, ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಆಷಾಢದ ಮಳೆ ಉಳಿದ ಕೆಲಸ ಮಾಡಿತು. ಶ್ರಾವಣದಲ್ಲಿ ಕಾಂಡದ ಗೆಣ್ಣುಗಳಲ್ಲಿ ಹಸಿರು ಒಡೆಯಿತು.

ಆ ದಿನಗಳಲ್ಲೊಮ್ಮೆ ಮಾಳಿಗೆ ಫೋನು ಮಾಡಿದೆ. ಹಿಂದೆ ಕಾಂಕ್ರೀಟು ಕಲಸುವ ಸದ್ದು. ಮಗಳ ಶಾಲೆ ಏನಾಯಿತು ಎಂದೆ. ಹತ್ತನೆಯ ತರಗತಿಗೆ ಹೊಸಬರನ್ನು ಸೇರಿಸಿಕೊಳ್ಳಲಿಲ್ಲ, ತಾಯಿಯ ಜೊತೆ ಕೆಲಸಕ್ಕೆ ಬರುತ್ತಾಳೆ, ಮುಂದಿನ ವರ್ಷ ನೋಡೋಣ ಎಂದ. ಆಮೇಲೆ ಅವನೇ ಕೇಳಿದ, ಬೇಲಿ ಚಿಗುರಿತೇ ಎಂದು. ಚಿಗುರಿತು ಎಂದೆ. ಒಳ್ಳೆಯದಾಯಿತು ಬೆನ್, ಎಂದ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೇಲಿಯ ಕ್ಷೇಮ ಕೇಳಿದ್ದು ಎಂದೂ ಮರೆಯುವಂಥದ್ದಲ್ಲ.

ನವರಾತ್ರಿಗೆ ಅಂಗಳದಲ್ಲಿ ಗರ್ಬಾ. ಹಸಿರು ಬೇಲಿಗೆ ದೀಪದ ಸರ ಸುತ್ತಿದ್ದರು. ಆಟ ಶುರುವಾಗುವ ಮೊದಲು ಅಧ್ಯಕ್ಷರು ಮೈಕು ಹಿಡಿದು, ಬೇಲಿಯ ದೋಷವನ್ನು ಸಮಯಕ್ಕೆ ಸರಿಯಾಗಿ ಪತ್ತೆಹಚ್ಚಿ ಸರಿಪಡಿಸಿದ್ದಕ್ಕಾಗಿ ಸೆಕ್ರೆಟರಿಯವರನ್ನೂ ಗುತ್ತಿಗೆದಾರರನ್ನೂ ವೇದಿಕೆಗೆ ಕರೆದರು. ಮತ್ತೆ ಶಾಲು. ನಮ್ಮ ಮನೆಯವರು ಒಂದು ಗಳಿಗೆ ನನ್ನ ಕಡೆ ನೋಡಿದರು, ಆಮೇಲೆ ತಲೆ ಬಗ್ಗಿಸಿ ಹೊದಿಸಿಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಲು ಎಳೆದತ್ತ ಪಂಪ್‌ಹೌಸಿನ ಕಡೆ ನಡೆದೆ. ಆ ಕೋಣೆಯ ಬಾಗಿಲು ತೆರೆದಿತ್ತು. ಗೋಡೆಗೆ ಹುಡುಗಿ ಅಂಟಿಸಿದ್ದ ಲೆಕ್ಕದ ಸೂತ್ರಗಳ ಹಾಳೆ ಇನ್ನೂ ಹಾಗೇ ಇತ್ತು. ಅದರ ಅರ್ಧದವರೆಗೆ, ಕೋಣೆ ತುಂಬ, ಯಂತ್ರದ ಉಪ್ಪಿನ ಚೀಲಗಳನ್ನು ಪೇರಿಸಿದ್ದರು.

ಮನೆಗೆ ಬಂದು ಅನ್ನಕ್ಕಿಟ್ಟೆ, ಸಾರು ಮಾಡಿದೆ. ಅವರು ಬಂದು, ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿ, ಊಟಕ್ಕೆ ಕೂತರು. ಮೊದಲ ತುತ್ತಿಗೇ ಕೈ ನಿಂತಿತು.

“ಸಾರಿಗೆ ಉಪ್ಪ ಹಾಕಿಲ್ಲೇನ?”

“ಉಪ್ಪ ಮಾಳೀ ಕೋಣ್ಯಾಗ ಐತಿ. ಹೋಗಿ ತೊಗೊಂಡ ಬರ್ರಿ.”

ಅವರು ಏಳಲಿಲ್ಲ. ಎದುರಿಗಿದ್ದ ಉಪ್ಪಿನ ಡಬ್ಬಿಯನ್ನೂ ಮುಟ್ಟಲಿಲ್ಲ. ತಲೆ ತಗ್ಗಿಸಿ, ಸಪ್ಪೆ ಸಾರನ್ನೇ ಕಲಸಿಕೊಂಡು, ತಟ್ಟೆಯಲ್ಲಿದ್ದಷ್ಟನ್ನೂ ಉಂಡರು. ನಾನು ಎದುರಿಗೆ ಕೂತು, ಅವರು ಕೊನೆಯ ತುತ್ತು ನುಂಗುವ ತನಕ ನೋಡಿದೆ.